ಜಂದೀರಾ ಹಾಡಿದ ವೇಗ

ಆಕ್ಲೆಂಡ್ ವಿಮಾನ ನಿಲ್ದಾಣ

ನನ್ನ ಎಡ ಬೂಟಿನ ಅಡಿಯಲ್ಲಿ, ಹಿಮ್ಮಡಿಯಿಂದ ಮೂರನೆಯ ಗೀರಿನಲ್ಲಿ, ಕಡಲೆಕಾಳಿನಷ್ಟು ಕೆಂಪು ಮಣ್ಣು ಸಿಕ್ಕಿಕೊಂಡಿತ್ತು. ಅಧಿಕಾರಿ ಹೆಂಗಸು ಅದನ್ನು ಪೆನ್ನಿನ ತುದಿಯಿಂದ ತೋರಿಸಿ, “ಇದು ಎಲ್ಲಿಯ ಮಣ್ಣು?” ಎಂದು ಕೇಳಿದರು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯದು ಎಂದೆ. ಅವರು ಬರೆದುಕೊಳ್ಳಲು ಹೊರಟು, ಅರ್ಧಕ್ಕೇ ಕೈಬಿಟ್ಟು, ಬೂಟುಗಳನ್ನು ಒಳಗೆ ಒಯ್ದರು. ನಾನು ಕಾಲುಚೀಲದಲ್ಲಿ ನಿಂತೆ. ನನ್ನ ಹಿಂದಿದ್ದವರು ಒಬ್ಬೊಬ್ಬರಾಗಿ ನನ್ನ ಕಾಲುಚೀಲವನ್ನು ನೋಡಿ ಮುಂದೆ ಹೋದರು. ಹತ್ತು ನಿಮಿಷಕ್ಕೆ ಬೂಟುಗಳು ತೊಳೆದು ಒರೆಸಿಕೊಂಡು ವಾಪಸು ಬಂದವು. ಅಂಗಡಿಯಿಂದ ತಂದ ದಿನವೂ ಅವು ಅಷ್ಟು ಚೊಕ್ಕಟವಾಗಿರಲಿಲ್ಲ.

ನಮ್ಮಲ್ಲಿ ಮನೆಗೊಂದು ಹೊಸ್ತಿಲು. ನ್ಯೂಜಿಲೆಂಡಿನಲ್ಲಿ ಇಡೀ ದೇಶಕ್ಕೇ ಒಂದು ಹೊಸ್ತಿಲಿದೆ, ಹೊರಗಿನ ಮಣ್ಣು, ಅದರಲ್ಲಿನ ರೋಗ ಒಳಗೆ ಬರಬಾರದೆಂದು. ಅದನ್ನು ದಾಟಿದ ಮೇಲೆ ಮಾತ್ರ ಪಾದರಕ್ಷೆಯ ವಿಚಾರವೇ ಮುಗಿದುಹೋಗುತ್ತದೆ. ಮರುದಿನ ಸೂಪರ್‌ಮಾರ್ಕೆಟ್ಟಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮಧ್ಯವಯಸ್ಕರೊಬ್ಬರು ಬರಿಗಾಲಿನಲ್ಲಿ ಹಾಲು, ಬ್ರೆಡ್ಡು ಆರಿಸುತ್ತಿದ್ದರು. ಹರಕೆಯೂ ಇಲ್ಲ, ಉರುಳುಸೇವೆಯೂ ಇಲ್ಲ. ಸುಮ್ಮನೆ ಬರಿಗಾಲು.

ನಾನು ಹೋದದ್ದು ಕೆಲಸದ ಮೇಲೆ. ಮೈಸೂರಿನಲ್ಲಿ ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿ ಕಾಪಾಡುವ ಒಂದು ಸಂಗ್ರಹಾಲಯದಲ್ಲಿ ನಾನಿದ್ದೇನೆ. ನಮ್ಮ ನೆಂಟರು ಇದನ್ನು “ಪ್ಲೇಟು ಒರೆಸೋ ಕೆಲಸ” ಎನ್ನುತ್ತಾರೆ. ಆ ಮಾತಿನಲ್ಲಿ ದೊಡ್ಡ ತಪ್ಪೇನೂ ಇಲ್ಲ. ಆಕ್ಲೆಂಡಿನಲ್ಲಿ ಐದು ದಿನ ಇದೇ ವಿಷಯದ ಕಮ್ಮಟ. ಅದು ಮುಗಿದ ಮೇಲೆ ಕ್ರೈಸ್ಟ್‌ಚರ್ಚ್‌ನಲ್ಲಿರುವ ದೊಡ್ಡಮ್ಮನ ಮಗಳು ಸುಮಕ್ಕನ ಮನೆಯಲ್ಲಿ ಒಂದು ವಾರ. ಕಮ್ಮಟದ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಎಲ್ಲರೂ ಮೆಲ್ಲಗೆ ಮಾತನಾಡುವವರು. ನನಗೆ ಹಿತವಾಗಿತ್ತು.

ಪೆನ್‌ರೋಸ್

ನಮ್ಮ ಸಂಗ್ರಹಾಲಯಕ್ಕೆ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಹಳೆಯ ರೆಕಾರ್ಡು ಓದುವ ಮುಳ್ಳುಗಳು ಬೇಕಿದ್ದವು. ಆಕ್ಲೆಂಡಿನದೇ ಪೆನ್‌ರೋಸ್ ಬಡಾವಣೆಯಲ್ಲಿ ಒಬ್ಬರ ಹತ್ತಿರ ಸಿಗುತ್ತದೆ ಎಂದು ಕಮ್ಮಟದಲ್ಲಿ ಹೇಳಿದರು. ಗೋದಾಮುಗಳ ಸಾಲು, ಲಾರಿಗಳು, ಅವುಗಳ ನಡುವೆ ಒಂದು ತಗಡಿನ ಬಾಗಿಲು. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಮೇಜಿನ ಮೇಲೊಂದು ಚೀಟಿ: ಹತ್ತು ನಿಮಿಷದಲ್ಲಿ ಬರುತ್ತೇನೆ, ನೀರು ಕಾಯಿಸಿದ್ದೇನೆ, ಚಹಾ ಮಾಡಿಕೊಳ್ಳಿ.

ಯಾರೂ ಇಲ್ಲದ ಅಂಗಡಿಯಲ್ಲಿ ಚಹಾ ಮಾಡಿಕೊಳ್ಳುವ ಧೈರ್ಯ ನನಗಿಲ್ಲ. ಕುರ್ಚಿಯ ತುದಿಯಲ್ಲಿ ಕೂತೆ. ಇಪ್ಪತ್ತು ನಿಮಿಷವಾಯಿತು. ಹೊರಗೆ ಒಂದು ಯೂಟ್ ಬಂದು ನಿಂತಿತು. ಹಿಂದೆ ತೆರೆದ ಡಬ್ಬಿಯಿರುವ ಆ ಗಾಡಿಯಿಂದ ಇಳಿದ ವ್ಯಕ್ತಿ ಭಾರವಾದ ಆಂಪ್ಲಿಫೈಯರ್ ಒಂದನ್ನು ಎತ್ತಿಕೊಂಡು ಒಳಬಂದ.

“ಹೊಸಬರಾ?”

“ಅಲ್ಲ, ಗಿರಾಕಿ.”

“ಒಳ್ಳೇದಾಯ್ತು. ಎಡಗಡೆ ಸದ್ದು ಬರ್ತಿಲ್ಲ ಅಂತ ಗ್ರಾಂಟ್‌ಗೆ ಹೇಳ್ಬಿಡಿ.” ಅದನ್ನು ನನ್ನ ಮುಂದಿಟ್ಟು ಹೊರಟೇಹೋದ. ಆಮೇಲೆ ಫೋನ್ ಹೊಡೆದುಕೊಂಡಿತು. ಮೂರು ಸಲ ಬಿಟ್ಟೆ, ನಾಲ್ಕನೆಯ ಸಲ ಎತ್ತಿದೆ. ಗ್ರಾಂಟ್ ಬರುವ ಹೊತ್ತಿಗೆ ನನ್ನ ಪುಸ್ತಕದಲ್ಲಿ ಎರಡು ದೂರು, ಒಂದು ವಿಳಾಸ, ಒಂದು ವಾಪಸು ಕರೆಯ ಸಂಖ್ಯೆ ಇದ್ದವು. ಎಪ್ಪತ್ತರ ಆಸುಪಾಸಿನ ಮನುಷ್ಯ, ಕೈಯಲ್ಲಿ ಕರಿದ ಮೀನಿನ ಪೊಟ್ಟಣ. ನನ್ನ ಪಟ್ಟಿಯನ್ನು ನಿಧಾನವಾಗಿ ಓದಿದರು.

“ಸೋಮವಾರದಿಂದ ಬರ್ತೀರಾ?”

“ಸೋಮವಾರ ಕ್ರೈಸ್ಟ್‌ಚರ್ಚ್‌ನಲ್ಲಿರ್ತೀನಿ.”

“ನಷ್ಟ ನಂದೇ.”

ಮುಳ್ಳುಗಳನ್ನು ಕೊಟ್ಟರು. ಕ್ರೈಸ್ಟ್‌ಚರ್ಚ್‌ನಲ್ಲಿ ಅವನ್ನು ಪರೀಕ್ಷಿಸಲು ನನ್ನ ಬಳಿ ಯಂತ್ರವಿಲ್ಲ ಎಂದು ತಿಳಿದಾಗ ಸೂಟ್‌ಕೇಸಿನಂಥ ಒಂದು ಪ್ಲೇಯರನ್ನೂ ಕೈಗಿತ್ತರು. ವಾಪಸು ಹೋಗುವಾಗ ಆಕ್ಲೆಂಡಿನಲ್ಲಿ ಕೊಟ್ಟರೆ ಸಾಕು ಎಂದರು. ಹೆಸರು ಕೇಳಲಿಲ್ಲ, ಸಹಿ ಕೇಳಲಿಲ್ಲ. ದೇವರಾಜ ಅರಸು ರಸ್ತೆಯಲ್ಲಿ ಛತ್ರಿ ರಿಪೇರಿಗೆ ಕೊಟ್ಟರೂ ಚೀಟಿ ಹರಿದು ಅರ್ಧ ನಮಗೆ ಕೊಡುತ್ತಾರೆ. ನಾನೇ ಒಂದು ಕಾಗದದಲ್ಲಿ ಹೆಸರು, ಸಂಖ್ಯೆ ಬರೆದು ಮೇಜಿನ ಮೇಲಿಟ್ಟು ಬಂದೆ.

ಕ್ರೈಸ್ಟ್‌ಚರ್ಚ್, ಮೊದಲ ಸಂಜೆ

ಸುಮಕ್ಕ ಕಟ್ಟಡಗಳು ಭೂಕಂಪ ತಡೆಯುತ್ತವೆಯೋ ಇಲ್ಲವೋ ಎಂದು ನೋಡುವ ಎಂಜಿನಿಯರ್. ಯಾರ ಮನೆಗೆ ಹೋದರೂ ಗೋಡೆಯನ್ನು ಬೆರಳಿನಿಂದ ತಟ್ಟುತ್ತಾಳೆ. ಭಾವ ಆ ವಾರ ಊರಲ್ಲಿರಲಿಲ್ಲ. ಮನೆಯಲ್ಲಿ ಅವಳು ಮತ್ತು ಒಂಬತ್ತು ವರ್ಷದ ಮಗಳು ತನ್ವಿ. ತನ್ವಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಚಪಾತಿ ಲಟ್ಟಿಸುತ್ತಾ ಸುಮಕ್ಕ ವಿಷಯ ತೆಗೆದಳು. “ಮೇಧಾ, ನಿಂಗೊಂದು ಕೆಲ್ಸ ಒಪ್ಕೊಂಡ್ಬಿಟ್ಟಿದೀನಿ ಕಣೇ. ಬೈಬೇಡ.”

“ಏನು?”

“ಪಕ್ಕದ್ಮನೆ ಜಂದೀರಾ ಆಂಟಿ. ಬ್ರೆಜಿಲ್‌ನೋರು. ಎಂಬತ್ತು ದಾಟಿದೆ. ಇಲ್ಲಿ ಸ್ಕೂಲ್ ಬಸ್ ಓಡಿಸ್ತಿದ್ರು. ಮೊನ್ನೆ ಗೊತ್ತಾಯ್ತು, ಒಂದ್ ಕಾಲದಲ್ಲಿ ಅವ್ರು ರಾಕ್ ಸಿಂಗರಂತೆ. ಬ್ರೆಜಿಲ್‌ಗೆ ರಾಕ್ ಬಂದಿದ್ದೇ ಆಗಂತೆ.”

“ಶಿ ವಾಸ್ ಫೇಮಸ್, ಮಮ್ಮಿ,” ಎಂದಳು ತನ್ವಿ. “ಲೈಕ್, ಆಕ್ಚುವಲಿ ಫೇಮಸ್.”

“ಹೂಂ, ಆಯ್ತು. ಈಗ ಸಾವ್ ಪಾವ್ಲೋದಲ್ಲಿ ಒಂದು ಸಣ್ಣ ಕಂಪನಿ ಆ ಹಳೇ ಹಾಡನ್ನ ಮತ್ತೆ ಹೊರಗೆ ತರ್ತೀವಿ ಅಂತ ಲೆಟರ್ ಹಾಕಿದೆ. ಇವ್ರು ಸೈನ್ ಮಾಡ್ಬೇಕು. ಇವ್ರು ಸುತಾರಾಂ ಆಗಲ್ಲ ಅಂತಾರೆ. ಅದು ನನ್ನ ವಾಯ್ಸೇ ಅಲ್ಲ ಅಂತ.”

“ಬೇರೆ ಯಾರಾದರೂ ಹಾಡಿದ್ರಾ?”

“ಇಲ್ಲ ಕಣೇ, ಹಾಡಿದ್ದು ಅವ್ರೇ. ಆದ್ರೂ ಅಲ್ಲ ಅಂತಾರೆ. ಮಗಳು ಲೂಸಿಯಾಗೆ ಸಾಕಾಗಿಹೋಗಿದೆ. ನಿನ್ನ ಕಸಿನ್ ಹಳೇ ರೆಕಾರ್ಡಿಗೇ ಡಾಕ್ಟ್ರಲ್ವಾ, ಒಂದ್ಸಲ ನೋಡಿ ಹೇಳ್ಲಿ ಅಂದ್ಲು. ನೀನು ಅದು ಅವ್ರದೇ ದನಿ ಅಂತ ಹೇಳ್ಬಿಡು, ಮುಗೀತು.”

“ಕೇಳದೆ ಹೇಗೆ ಹೇಳ್ಲಿ?”

“ನೋಡು, ಇದೇ ಬೇಡ ಅನ್ನೋದು. ಚಿಕ್ಕೋಳಿದ್ದಾಗ್ಲೂ ಹಿಂಗೇ. ಕಣ್ಣಾಮುಚ್ಚಾಲೆ ಆಡೋವಾಗ ನೂರರವರೆಗೂ ಒಂದೂ ಬಿಡದೆ ಎಣಿಸ್ತಿದ್ದೋಳು ನೀನೊಬ್ಳೇ.”

ಪಕ್ಕದ ಮನೆ

ಜಂದೀರಾ ನನ್ನ ಭುಜದೆತ್ತರ. ಬಿಳಿಯ ಕೂದಲು, ಕೆಂಪು ಲಿಪ್‌ಸ್ಟಿಕ್, ಕಾಲಿಗೆ ತೋಟದ ರಬ್ಬರ್ ಬೂಟು. ಬಾಗಿಲು ತೆರೆದವರೇ ನನ್ನ ಎರಡೂ ಕೆನ್ನೆಗೆ ಮುತ್ತಿಡಲು ಬಂದರು. ನಾನು ಕೈಮುಗಿಯಲು ಹೊರಟಿದ್ದೆ. ನನ್ನ ಬೆರಳುಗಳು ಅವರ ಗಲ್ಲಕ್ಕೆ ತಗುಲಿ, ಅವರ ಹಣೆ ನನ್ನ ಕನ್ನಡಕಕ್ಕೆ ಬಡಿಯಿತು. ಕನ್ನಡಕ ಹೂವಿನ ಕುಂಡಕ್ಕೆ ಬಿತ್ತು. “ಪರವಾಗಿಲ್ಲ, ಫಿಲ್ಯಾ,” ಎಂದು ಎತ್ತಿಕೊಟ್ಟರು. ಅವರ ಭಾಷೆಯಲ್ಲಿ ಫಿಲ್ಯಾ ಎಂದರೆ ಮಗಳು. ಅಂಗಡಿಯ ಹುಡುಗಿಯಿಂದ ಹಿಡಿದು ಪಕ್ಕದ ಮನೆಯ ಬೆಕ್ಕಿನವರೆಗೆ ಎಲ್ಲರೂ ಅವರಿಗೆ ಫಿಲ್ಯಾ.

ಕಾಫಿಯನ್ನು ಬಟ್ಟೆಯ ಚೀಲದಲ್ಲಿ ಸೋಸಿ ಕೊಟ್ಟರು. ನಮ್ಮ ಅಜ್ಜಿ ಮಾಡುತ್ತಿದ್ದುದೂ ಹಾಗೆಯೇ. ಹಾಲು ಕೇಳಿದ್ದಕ್ಕೆ ಮಾತ್ರ ಅವರ ಮುಖ ಸಣ್ಣದಾಯಿತು. ನರ್ಸ್ ಆಗಿರುವ ಮಗಳು ಲೂಸಿಯಾ, ಐವತ್ತು ದಾಟಿದವರು, ರೆಕಾರ್ಡನ್ನು ಕೋಣೆಯಿಂದ ತಂದರು. ನೇರಳೆ ಬಣ್ಣದ ಲೇಬಲ್, ಅದರ ಮೇಲೆ ಬೆಳ್ಳಿಯ ಅಕ್ಷರದಲ್ಲಿ ಕಂಪನಿಯ ಹೆಸರು, ಕೆಳಗೆ ಊರು: ಸಾವ್ ಪಾವ್ಲೋ. ಒಂದಂಚು ಚಕ್ಕೆ ಹೋಗಿತ್ತು. ಅದು ಎರಡು ಸಾವಿರದ ಹನ್ನೊಂದರಲ್ಲಿ ಊರನ್ನು ಕೆಡವಿದ ಭೂಕಂಪದ ದಿನ ಕಪಾಟಿನಿಂದ ಬಿದ್ದಾಗ ಆದದ್ದಂತೆ.

“ಮನೆಯ ಗಾಜೆಲ್ಲ ಒಡೀತು,” ಎಂದರು ಜಂದೀರಾ. “ಇದೊಂದು ಒಡೀಲಿಲ್ಲ.”

“ಅಮ್ಮನಿಗೆ ಅದೇ ಬೇಜಾರು,” ಎಂದರು ಲೂಸಿಯಾ.

ಅವರ ಕತೆಯನ್ನು ಅವರೇ ಹೇಳಿದರು. ತಂದೆ ಟ್ರಾಮಿನ ಕಂಡಕ್ಟರ್. ಹದಿನೇಳನೆಯ ವಯಸ್ಸಿಗೆ ಭಾನುವಾರದ ಕುಣಿತದ ಸಭೆಗಳಲ್ಲಿ ಹಾಡಲು ಶುರು. ರಾಕ್ ಎಂಬುದು ಆಗಿನ್ನೂ ಹಡಗಿನಲ್ಲಿ ಬರುತ್ತಿದ್ದ ಸರಕು. ಇಂಗ್ಲಿಷ್ ಹಾಡುಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಿದ್ದರಂತೆ. ಆಮೇಲೆ ಗಿಟಾರಿನ ವಾಲ್ದಿರ್ ಮತ್ತು ಅವರು ಸೇರಿ ತಮ್ಮ ಭಾಷೆಯಲ್ಲೇ ಒಂದು ಹಾಡು ಕಟ್ಟಿದರು. ಸ್ಕೂಟರಿನ ಹುಡುಗನಿಗಾಗಿ ಕಾದು ಕಾದು ಕೊನೆಗೆ ಟ್ರಾಮು ಹತ್ತಿ ಹೊರಟುಹೋಗುವ ಹುಡುಗಿಯ ಹಾಡು. ಒಂದು ಮಧ್ಯಾಹ್ನ ಅದನ್ನು ಟೇಪಿನಲ್ಲಿ ಮುದ್ರಿಸಿಕೊಂಡರು. ಎರಡು ತಿಂಗಳ ನಂತರ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಗ ರೇಡಿಯೋ ಅಂಗಡಿಯ ಹಾರ್ನಿನಲ್ಲಿ ಹಾಡು ಕೇಳಿಸಿತು.

“ನಾನು ನಿಂತೆ. ಯಾರಿವಳು, ನನ್ನ ಹಾಡನ್ನ ಕದ್ದೋಳು ಅಂತ ಒಳಗೆ ಹೋಗಿ ಜಗಳ ಆಡಿದೆ. ಅಂಗಡಿಯವನು ಲೇಬಲ್ ತೋರಿಸಿದ. ನನ್ನ ಹೆಸರೇ. ದನಿ ಮಾತ್ರ ಇಲಿಮರಿಯದು.”

“ಎಲ್ಲರಿಗೂ ತಮ್ಮ ದನಿ ಕೇಳಿದರೆ ಹಾಗೇ ಅನ್ನಿಸುತ್ತೆ, ಅಮ್ಮ,” ಎಂದರು ಲೂಸಿಯಾ. ಇದನ್ನು ಅವರು ಬಹಳ ಸಲ ಹೇಳಿದ್ದಾರೆಂದು ಗೊತ್ತಾಗುತ್ತಿತ್ತು.

ಹಾಡು ಗೆದ್ದಿತು. ಟೆಲಿವಿಷನ್ನು, ಮುಖಪುಟ, ಒಂದು ಸಿನಿಮಾದಲ್ಲಿ ಅರ್ಧ ನಿಮಿಷ. ಆದರೆ ಒಳನಾಡಿನ ಒಂದು ಊರಿನಲ್ಲಿ ಅವರು ವೇದಿಕೆ ಹತ್ತಿ ತಮ್ಮ ದನಿಯಲ್ಲಿ ಹಾಡಿದಾಗ ಜನ ಎದ್ದು ನಿಂತರಂತೆ. ಇವಳು ಬೇರೆ ಯಾರೋ, ನಿಜವಾದ ಹುಡುಗಿಯನ್ನು ಕರೆಸಿ ಎಂದು ಕೂಗಿದರಂತೆ. ಒಬ್ಬಾಕೆ ಮುಂದೆ ಬಂದು, “ಪಾಪ, ಇವಳೂ ಪರವಾಗಿಲ್ಲ, ಊಟ ಹಾಕಿ ಕಳಿಸಿ,” ಎಂದಳಂತೆ. ಅದನ್ನು ಹೇಳುವಾಗ ಜಂದೀರಾ ನಕ್ಕರು. ಅಲ್ಲಿಂದ ಮುಂದೆ ರೆಕಾರ್ಡಿನ ದನಿಯನ್ನು ಅನುಕರಿಸಿ ಗಂಟಲು ಹಿಸುಕಿಕೊಂಡು ಐದು ವರ್ಷ ಹಾಡಿದರು. ಇಪ್ಪತ್ತೆರಡಕ್ಕೆ ಗಂಟಲಿನಲ್ಲಿ ಗಂಟುಗಳೆದ್ದವು. ವೈದ್ಯರು ನಿಲ್ಲಿಸಿ ಎಂದರು, ನಿಲ್ಲಿಸಿದರು. ಹಾಲಿನ ಪುಡಿಯ ಕಾರ್ಖಾನೆಯ ಮೆಕ್ಯಾನಿಕ್ ಒಬ್ಬರನ್ನು ಮದುವೆಯಾಗಿ ಈ ದೇಶಕ್ಕೆ ಬಂದರು.

“ಅವರಿಗೂ ಆ ರೆಕಾರ್ಡಂದ್ರೆ ಇಷ್ಟ,” ಎಂದರು. “ಅವರು ಸಾಯೋವರೆಗೂ ನಾನು ಆ ರೆಕಾರ್ಡಿನ ಹುಡುಗಿ ಜೊತೆ ಸಂಸಾರ ಮಾಡಿದ ಹಾಗೆ.”

ಆಮೇಲೆ ನನ್ನತ್ತ ಬಾಗಿ, “ಇನ್ನೊಂದು ಕೇಳು, ಫಿಲ್ಯಾ. ವಾಲ್ದಿರ್‌ಗೆ ಗಿಟಾರಿನಲ್ಲಿ ಬರುತ್ತಿದ್ದದ್ದು ಮೂರೇ ಹಿಡಿತ, ಮೂರೇ ಕಾರ್ಡು. ರೆಕಾರ್ಡಿನಲ್ಲಿ ಅವನು ತನಗೆ ಬಾರದ್ದನ್ನೆಲ್ಲ ನುಡಿಸ್ತಾನೆ,” ಎಂದರು. ತಂತಿಯನ್ನು ಬಿಗಿ ಮಾಡಿ ಸ್ವರ ಏರಿಸಿಕೊಂಡಿರಬಹುದು ಎಂದೆ.

ನಾನು ರೆಕಾರ್ಡನ್ನು ತೊಳೆದು ಒಣಗಿಸಿ, ಗ್ರಾಂಟರ ಪ್ಲೇಯರಿನ ವೇಗ ಸರಿಯಿದೆಯೆಂದು ಪರೀಕ್ಷಿಸಿ, ಲ್ಯಾಪ್‌ಟಾಪಿಗೆ ಜೋಡಿಸಿದೆ. ಮುಳ್ಳು ಇಳಿಸುವ ಹೊತ್ತಿಗೆ ಜಂದೀರಾ ಟೊಮೇಟೊ ಗಿಡಗಳಿಗೆ ನೀರು ಹಾಕಬೇಕೆಂದು ಹೊರಗೆ ಹೋದರು. ಚುರುಕಾದ, ತೆಳ್ಳನೆಯ, ಸಕ್ಕರೆಯಂಥ ದನಿ. ಹನ್ನೆರಡು ವರ್ಷದ ಹುಡುಗಿ ಓಡುತ್ತಾ ಹಾಡಿದಂತೆ. ಕಾಲು ತಾನಾಗಿ ಕುಣಿಯುವ ಹಾಡು. ಲೂಸಿಯಾ ಮೇಜಿನ ಮೇಲೆ ತಾಳ ಹಾಕಿದರು.

ಇಂಥ ದೂರುಗಳು ನನಗೆ ಹೊಸದಲ್ಲ. ಅದಕ್ಕೊಂದು ನಾಡಿ ನೋಡುವ ವಿಧಾನವಿದೆ. ಹಳೆಯ ಮುದ್ರಣಗಳಲ್ಲಿ ಹಾಡಿನ ಅಡಿಯಲ್ಲಿ ತೀರಾ ಸಣ್ಣಗೆ ಗುಂಯ್ ಎಂಬ ಸದ್ದಿರುತ್ತದೆ. ಅದು ಸ್ಟುಡಿಯೋದ ಗೋಡೆಯೊಳಗೆ ಹರಿಯುವ ವಿದ್ಯುತ್ತಿನ ಮಿಡಿತ. ನಮ್ಮ ದೇಶದಲ್ಲೂ ನ್ಯೂಜಿಲೆಂಡಿನಲ್ಲೂ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ, ಬ್ರೆಜಿಲಿನಲ್ಲಿ ಅರವತ್ತು. ರೆಕಾರ್ಡಿನ ಗುಂಯ್ ಅರವತ್ತಿದ್ದರೆ ವೇಗ ಸರಿ. ಅಳೆದೆ. ಅರವತ್ತೇ ಇತ್ತು, ಕೂದಲೆಳೆಯ ವ್ಯತ್ಯಾಸವಿಲ್ಲದೆ.

ಜಂದೀರಾ ಒಳಗೆ ಬಂದಾಗ ಪರದೆಯ ಮೇಲಿನ ಗೆರೆಯನ್ನು ತೋರಿಸಿ ಎಲ್ಲವನ್ನೂ ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ. ರೆಕಾರ್ಡು ಸರಿಯಾದ ವೇಗದಲ್ಲೇ ಇದೆ, ಇದು ನಿಮ್ಮದೇ ದನಿ ಎಂದೆ.

ಅವರು ಗೆರೆಯನ್ನು ನೋಡಿದರು. ನೀರಿನ ಕ್ಯಾನನ್ನು ಕೆಳಗಿಟ್ಟರು.

“ಓದಿದವರೆಲ್ಲ ಹಾಗೇ ಹೇಳಿದ್ದಾರೆ,” ಎಂದರು. ಆಮೇಲೆ ಮಗಳ ಕಡೆ ತಿರುಗಿ, “ಭಾನುವಾರ ಚರ್ಚಿನಿಂದ ಬಂದು ಸಹಿ ಮಾಡ್ತೀನಿ. ಆ ಕಾಗದ ಹುಡುಕಿಡು,” ಎಂದರು. ಲೂಸಿಯಾ ತಾಯಿಯನ್ನು ತಬ್ಬಿಕೊಂಡರು. ಕಂಪನಿಗೆ ರೆಕಾರ್ಡಿನ ವೇಗ, ಸ್ಥಿತಿಯ ಬಗ್ಗೆ ಒಂದು ಪುಟದ ವರದಿ ಬರೆದುಕೊಡಬಹುದೇ ಎಂದು ನನ್ನನ್ನು ಕೇಳಿದರು. ಒಪ್ಪಿದೆ. ಜಂದೀರಾ ನನ್ನ ಲೋಟ ತೊಳೆಯುತ್ತಿದ್ದರು. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದರು.

“ಹೇಳಿದ್ನಲ್ಲ, ಐದ್ನಿಮಿಷದ್ ಕೆಲ್ಸ ಅಂತ,” ಎಂದಳು ರಾತ್ರಿಯೂಟಕ್ಕೆ ಕೂತಾಗ ಸುಮಕ್ಕ.

ಮನೆಗಳಿಲ್ಲದ ಬೀದಿ

ಶನಿವಾರ ಬೆಳಿಗ್ಗೆ ಜಂದೀರಾ ಬೇಲಿಯಾಚೆಯಿಂದ ಕರೆದರು. ಅವರಿಗೆ ಉದ್ದನೆಯ ಕೈಯವರು ಬೇಕಿತ್ತು. ಅವರಿಗೆ ನನ್ನ ಮೇಲೆ ಕೋಪವಿರಬಹುದೆಂದು ನಾನು ಹಿಂಜರಿದೆ. “ಹಣ್ಣು ಕೀಳೋದಕ್ಕೆ ಬರ್ತೀಯೋ, ಅಥವಾ ಅದನ್ನೂ ಅಳೆದು ನೋಡ್ಬೇಕೋ?” ಎಂದರು. ಬಕೆಟ್ಟು ಹಿಡಿದು ಹೊರಟೆ.

ನದಿಯ ದಂಡೆಯಲ್ಲಿ ಭೂಕಂಪಕ್ಕೆ ನೆಲ ಸಡಿಲವಾದ ಬಡಾವಣೆಗಳನ್ನು ಸರ್ಕಾರ ಪೂರ್ತಿ ತೆರವು ಮಾಡಿಸಿದೆ. ಮನೆಗಳಿಲ್ಲ, ಗೇಟುಗಳಿಲ್ಲ. ರಸ್ತೆಗಳಿವೆ, ದೀಪದ ಕಂಬಗಳಿವೆ. ಮನೆಯವರು ನೆಟ್ಟ ಹಣ್ಣಿನ ಮರಗಳು ಹಾಗೇ ಉಳಿದಿವೆ. ಸೇಬು, ವಾಲ್‌ನಟ್, ಪ್ಲಮ್. ಊರಿನವರು ಚೀಲ ತಂದು ಬೇಕಾದ್ದನ್ನು ಕಿತ್ತುಕೊಂಡು ಹೋಗುತ್ತಾರೆ. ಮರದ ಸಾಲು ನೋಡಿದರೆ ಎಲ್ಲಿ ಹಿತ್ತಿಲಿತ್ತು, ಎಲ್ಲಿ ಬಟ್ಟೆ ಒಣಹಾಕುವ ಜಾಗವಿತ್ತು ಎಂದು ಊಹಿಸಬಹುದು. ಜಂದೀರಾ ಯಾವ ಮನೆಯ ಮಕ್ಕಳು ಬಸ್ಸಿಗೆ ತಡವಾಗಿ ಬರುತ್ತಿದ್ದರು ಎಂದು ಹೇಳುತ್ತಾ ನಡೆದರು. ಖಾಲಿ ಹುಲ್ಲಿನ ಮುಂದೆ ನಿಂತು, “ಇಲ್ಲಿಯವನು ದಿನಾ ಒಂದೇ ಕಾಲುಚೀಲ ಹಾಕ್ಕೊಂಡು ಬರ್ತಿದ್ದ. ಈಗ ವಕೀಲ,” ಎಂದರು.

ಅವರಿಗೆ ಬೇಕಿದ್ದದ್ದು ಕ್ವಿನ್ಸ್. ಸೇಬಿಗೂ ಸೀಬೆಗೂ ನಡುವಿನ ಹಳದಿ ಹಣ್ಣು, ಮೇಲೆ ಬೂದಿಯಂಥ ನವಿರು. ಹಸಿಯಾಗಿ ತಿಂದರೆ ಬಾಯಿ ಒಗರು. ಸಕ್ಕರೆ ಹಾಕಿ ಗಂಟೆಗಟ್ಟಲೆ ಕಾಯಿಸಿ ಅವರು ಗಟ್ಟಿ ಮಿಠಾಯಿ ಮಾಡುತ್ತಾರೆ. ತಿರುಗಿಸುತ್ತಲೇ ಇರಬೇಕಂತೆ. “ನಮ್ಮಮ್ಮ ಇದನ್ನ ಗಡಿಯಾರ ನೋಡಿಕೊಂಡು ಮಾಡ್ತಿದ್ದಳು. ಸಾವ್ ಪಾವ್ಲೋಗೆ ಹೋದ ಮೇಲೆ ಒಂದು ಸಲವೂ ಸರಿ ಬರಲಿಲ್ಲ. ಗಡಿಯಾರಕ್ಕೇ ಹುಚ್ಚು ಹಿಡಿದಿತ್ತು.”

ನಾನು ಮೇಲಿನ ಕೊಂಬೆಯನ್ನು ಬಗ್ಗಿಸುತ್ತಿದ್ದೆ. “ಹುಚ್ಚು ಅಂದರೆ?”

“ಹಾಡು ಗೆದ್ದ ಮೇಲೆ ಕಂಪನಿಯವರು ನಮ್ಮನ್ನೆಲ್ಲ ಸಾವ್ ಪಾವ್ಲೋಗೆ ಕರೆಸಿಕೊಂಡರು. ಅಮ್ಮ ಅಡುಗೆಮನೆಯ ಕರೆಂಟ್ ಗಡಿಯಾರವನ್ನ ಮಡಿಲಲ್ಲಿಟ್ಟುಕೊಂಡು ತಂದಳು. ಪ್ಲಗ್ ಹಾಕಿದ್ದೇ ತಡ, ಗಂಟೆಗೆ ಹನ್ನೆರಡು ನಿಮಿಷ ಮುಂದೆ ಓಡೋದು. ರಿಪೇರಿಯವನು ನೋಡಿ ಏನೂ ಆಗಿಲ್ಲ ಅಂದ. ಪಕ್ಕದ ಮನೆಯವರು, ನಮ್ಮೂರಲ್ಲಿ ಗಡಿಯಾರಕ್ಕೂ ಅವಸರ, ನೀವು ಸಮುದ್ರದ ಕಡೆಯವರು ಸೋಮಾರಿಗಳು ಅಂತ ನಗೋರು.”

ಕೊಂಬೆ ನನ್ನ ಕೈಯಿಂದ ಜಾರಿತು. ಎರಡು ಹಣ್ಣು ಬಿದ್ದವು, ಒಂದು ನನ್ನ ತಲೆಯ ಮೇಲೆ.

“ಸಾವ್ ಪಾವ್ಲೋಗೆ ಮುಂಚೆ ನೀವು ಎಲ್ಲಿದ್ರಿ?”

“ರಿಯೊ. ನಾನು ಹುಟ್ಟಿದ್ದು ರಿಯೊದಲ್ಲಿ.”

“ಹಾಡನ್ನ ಮುದ್ರಿಸಿದ್ದು?”

“ರಿಯೊದಲ್ಲೇ. ಬೇಕರಿಯ ಮಹಡಿ ಮೇಲೆ. ಟೇಪನ್ನ ಬಸ್ಸಿನಲ್ಲಿ ಸಾವ್ ಪಾವ್ಲೋಗೆ ಕಳಿಸಿದರು. ರೆಕಾರ್ಡು ಒತ್ತೋ ಕಾರ್ಖಾನೆ ಇದ್ದದ್ದು ಅಲ್ಲಿ.”

ನಾನು ಲೇಬಲ್ಲಿನ ಮೇಲಿದ್ದ ಊರಿನ ಹೆಸರನ್ನು ಓದಿದ್ದೆ. ಎದುರಿಗೆ ಕೂತಿದ್ದ ಹಾಡಿದವರನ್ನು ಕೇಳಿರಲಿಲ್ಲ.

ಕರೆಂಟ್ ಗಡಿಯಾರ ವಿದ್ಯುತ್ತಿನ ಮಿಡಿತವನ್ನು ಎಣಿಸುತ್ತದೆ, ಅಷ್ಟೇ. ಗಂಟೆಗೆ ಹನ್ನೆರಡು ನಿಮಿಷ ಎಂದರೆ ಐದರಲ್ಲಿ ಒಂದು ಪಾಲು. ಐವತ್ತಕ್ಕೆ ಒಂದು ಸೆಕೆಂಡ್ ಎಂದು ಎಣಿಸಲು ಕಲಿತ ಗಡಿಯಾರಕ್ಕೆ ಅರವತ್ತು ಬಂದರೆ ಅದು ಹಾಗೆಯೇ ಓಡುತ್ತದೆ. ಹಾಗಾದರೆ ಆ ಕಾಲಕ್ಕೆ ರಿಯೊದ ವಿದ್ಯುತ್ತು ಅರವತ್ತಲ್ಲ, ಐವತ್ತು. ಒಂದೇ ದೇಶ, ಎರಡು ಊರು, ಎರಡು ಮಿಡಿತ. ಗಡಿಯಾರದ ಹಾಗೆ ಟೇಪಿನ ಯಂತ್ರದ ಮೋಟಾರೂ ವಿದ್ಯುತ್ತಿನ ಮಿಡಿತಕ್ಕೆ ತಕ್ಕಂತೆ ತಿರುಗುವಂಥದ್ದು. ರಿಯೊದಲ್ಲಿ ನಿಧಾನವಾಗಿ ಓಡಿ ತುಂಬಿಕೊಂಡ ಟೇಪು ಸಾವ್ ಪಾವ್ಲೋದ ಯಂತ್ರದಲ್ಲಿ ಐದರಲ್ಲೊಂದು ಪಾಲು ಹೆಚ್ಚು ವೇಗವಾಗಿ ಓಡಿದೆ. ಅದರೊಳಗಿನ ಐವತ್ತರ ಗುಂಯ್ ಕೂಡ ಓಡಿ ಅರವತ್ತಾಗಿದೆ. ನಾನು ಅಳೆದದ್ದು ಅದನ್ನೇ.

“ದೋನಾ ಜಂದೀರಾ,” ಎಂದು ಅವರ ಭಾಷೆಯ ಗೌರವದಲ್ಲೇ ಕರೆದೆ. “ನಾನು ತಪ್ಪು ಹೇಳಿದೆ. ಮನೆಗೆ ಹೋಗೋಣ್ವಾ?”

“ಬಕೆಟ್ಟು ಅರ್ಧ ಆಗಿಲ್ಲ,” ಎಂದರು. ನನ್ನ ಮುಖ ನೋಡಿದರು. ಬಕೆಟ್ಟನ್ನು ಅವರೇ ಎತ್ತಿಕೊಂಡರು.

ಮತ್ತೆ ಪಕ್ಕದ ಮನೆ

ಲೂಸಿಯಾ ಕೆಲಸದಿಂದ ಬಂದು ಇನ್ನೂ ಬೂಟು ಬಿಚ್ಚುತ್ತಿದ್ದರು. ಸುಮಕ್ಕ ಡೇರಿಯಿಂದ, ಎಂದರೆ ಬೀದಿ ಮೂಲೆಯ ಕಿರಾಣಿ ಅಂಗಡಿಯಿಂದ, ಹಾಲು ತರುತ್ತಿದ್ದವಳು ನಾನು ಓಡುವುದನ್ನು ನೋಡಿ ಹಿಂದೆಯೇ ಬಂದಳು. ನಾನು ಓಡುವುದನ್ನು ಅವಳು ಎಂದೂ ನೋಡಿರಲಿಲ್ಲ.

ಲ್ಯಾಪ್‌ಟಾಪಿನಲ್ಲಿ ವೇಗವನ್ನು ಇಳಿಸಿದೆ. ಆರರಲ್ಲಿ ಐದು ಪಾಲು. ಜಂದೀರಾ ಈ ಸಲ ಟೊಮೇಟೊ ಗಿಡಗಳ ಹತ್ತಿರ ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಬಕೆಟ್ಟು ಹಿಡಿದೇ ನಿಂತರು.

ಗಿಟಾರು ಶುರುವಾಯಿತು, ಮೊದಲಿಗಿಂತ ದಪ್ಪವಾಗಿ, ಸ್ವಲ್ಪ ಒರಟಾಗಿ. ಆಮೇಲೆ ದನಿ. ಸಕ್ಕರೆಯೆಲ್ಲ ಇಳಿದುಹೋಗಿತ್ತು. ತಗ್ಗಿನ, ತುಸು ಒಡಕಿನ, ಯಾರ ಮರ್ಜಿಯನ್ನೂ ಕಾಯದ ಹದಿನೇಳರ ಹುಡುಗಿಯ ದನಿ. ಷಡ್ಜದಲ್ಲಿ ಹಾಡಿದ್ದು ಇಷ್ಟು ವರ್ಷ ಗಾಂಧಾರಕ್ಕೆ ಹೋಗಿ ಕೂತಿತ್ತು. ಮೊದಲು ಕೇಳಿದಾಗ ಸ್ಕೂಟರಿನವನಿಗಾಗಿ ಹಂಬಲಿಸುವ ಹಾಡು ಎನ್ನಿಸಿತ್ತು. ಈಗ ಅವಳಿಗೆ ಅವನ ಅಗತ್ಯವೇ ಇರಲಿಲ್ಲ. ಟ್ರಾಮು ಬಂತು, ಹತ್ತಿದಳು, ಹೋದಳು.

ಯಾರೂ ತಾಳ ಹಾಕಲಿಲ್ಲ. ಲೂಸಿಯಾ ಒಂದು ಬೂಟು ಕೈಯಲ್ಲಿ ಹಿಡಿದೇ ಕೂತಿದ್ದರು.

“ಇದು ಅಮ್ಮ,” ಎಂದರು. “ಊಟಕ್ಕೆ ಕರೆಯೋ ಅಮ್ಮ.” ಆಮೇಲೆ ತಾಯಿಯತ್ತ ನೋಡಿ, “ನಾನು ನಿನ್ನ ಮಾತು ನಂಬಲೇ ಇಲ್ಲ,” ಎಂದರು.

ಜಂದೀರಾ ಪರದೆಯನ್ನೇ ನೋಡುತ್ತಿದ್ದರು.

“ವಾಲ್ದಿರ್ ಓಡ್ತಾನೆ ಅಂತ ಜೀವನಪೂರ್ತಿ ಬೈದೆ,” ಎಂದರು ಕೊನೆಗೆ. “ಪಾಪ, ಅವನು ತಾಳ ಬಿಟ್ಟಿಲ್ಲ. ಮೂರೇ ಹಿಡಿತ. ಕೇಳಿ. ಒಂದು, ಎರಡು, ಮೂರು. ಮತ್ತೆ ಒಂದು.”

“ಇನ್ನೊಂದ್ಸಲ ಹಾಕ್ಲಾ?” ಎಂದೆ.

“ಹಾಕು.”

ಎರಡನೆಯ ಸಲ ಅವರು ಬಕೆಟ್ಟನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ಮೂರನೆಯ ಸಲ ತುಟಿ ಅಲ್ಲಾಡಿತು. ಸದ್ದು ಬರಲಿಲ್ಲ, ಆದರೆ ಎಲ್ಲೂ ಗಂಟಲು ಹಿಸುಕಿಕೊಳ್ಳಲಿಲ್ಲ. ಸುಮಕ್ಕ ಗೋಡೆ ತಟ್ಟುವುದನ್ನು ಮರೆತು ಕಣ್ಣೊರೆಸಿಕೊಂಡಳು. “ಈರುಳ್ಳಿ ಕಣೇ,” ಎಂದಳು. ಆ ಮನೆಯಲ್ಲಿ ಎಲ್ಲೂ ಈರುಳ್ಳಿ ಇರಲಿಲ್ಲ.

ಸಹಿಯ ವಿಚಾರವನ್ನು ಲೂಸಿಯಾ ತಾವಾಗಿ ಎತ್ತಲಿಲ್ಲ. ಜಂದೀರಾ ಅವರೇ ಕಾಗದ ತರಿಸಿದರು. ಕನ್ನಡಕ ಹಾಕಿ ಎಲ್ಲವನ್ನೂ ಓದಿ, ಸಹಿಯ ಜಾಗದ ಮೇಲೆ ಒಂದು ಸಾಲು ಸೇರಿಸಿದರು. ಈ ವೇಗದಲ್ಲಿ ಮಾತ್ರ. ಅದರ ಕೆಳಗೆ ಹೆಸರು.

“ಒಪ್ಪದೇ ಇರಬಹುದು, ಅಮ್ಮ,” ಎಂದರು ಲೂಸಿಯಾ. “ಜನರಿಗೆ ಗೊತ್ತಿರೋದು ಆ ಇನ್ನೊಂದು ದನಿ.”

“ಬೇಡ ಅಂದರೆ ಬೇಡ. ನಾನು ಕೇಳಿ ಆಯ್ತು.” ಆಮೇಲೆ ನನ್ನನ್ನು ನೋಡಿ, “ಬಾ, ಹಣ್ಣು ಹೆಚ್ಚಿಕೊಡು. ಈ ದೇಶದ ಗಡಿಯಾರ ಸರಿಯಾಗಿದೆ ತಾನೇ?” ಎಂದರು.

ಎರಡು ಗಂಟೆಯ ಹೊತ್ತು ಪಾತ್ರೆಯ ಮುಂದೆ ನಿಂತು ಸರದಿಯಂತೆ ತಿರುಗಿಸಿದೆವು. ಹಣ್ಣಿನ ಹಳದಿ ಹೋಗಿ ಇಟ್ಟಿಗೆಯ ಕೆಂಪು ಬಂತು. ನನ್ನ ಪಾಲಿನ ಮೂಲೆ ಸ್ವಲ್ಪ ಸೀದಿತ್ತು. ಅದನ್ನೂ ಕತ್ತರಿಸಿ ಸುಮಕ್ಕನ ಮನೆಗೆ ಕೊಟ್ಟರು.

ಭಾನುವಾರ ಬೆಳಿಗ್ಗೆ

ಮರುದಿನ ಎಲ್ಲರಿಗಿಂತ ಮುಂಚೆ ಎದ್ದು ಸುಮಕ್ಕನ ಊಟದ ಮೇಜಿನ ಮೇಲೆ ವರದಿ ಬರೆದೆ. ರೆಕಾರ್ಡಿನ ಸ್ಥಿತಿ: ಅಂಚಿನಲ್ಲಿ ಚಕ್ಕೆ, ಹಾಡಿಗೆ ತೊಂದರೆಯಿಲ್ಲ. ಮುದ್ರಿಸಿದ ಊರು: ರಿಯೊ. ನುಡಿಸಬೇಕಾದ ವೇಗ: ನಿಮಿಷಕ್ಕೆ ಎಪ್ಪತ್ತೆಂಟಲ್ಲ, ಅರವತ್ತೈದು ಸುತ್ತು. ಅದರ ಕೆಳಗೆ ‘ಆಧಾರ’ ಎಂಬ ಸಾಲಿದೆ. ಇಷ್ಟು ವರ್ಷ ಅಲ್ಲಿ ಅಳತೆಯೊಂದನ್ನೇ ಬರೆದಿದ್ದೇನೆ. ಸಂಬಂಧಪಟ್ಟವರು ಏನಾದರೂ ಹೇಳಿದ್ದರೆ ಅದು ಕೊನೆಯಲ್ಲಿ, ‘ಇತರೆ’ ಎಂಬಲ್ಲಿ. ಈ ಸಲ ಒಂದು ಎಂದು ಬರೆದು, ಗಾಯಕಿಯ ಹೇಳಿಕೆ ಎಂದು ಬರೆದೆ. ಎರಡು, ಮನೆಯ ಗಡಿಯಾರ. ಮೂರು, ಗುಂಯ್ ಸದ್ದಿನ ಅಳತೆ.

ಇಬ್ಬನಿ ಇನ್ನೂ ಆರಿರಲಿಲ್ಲ. ಬೇಲಿಯ ಸಂದಿಯಿಂದ ಹೋಗಿ ಹಿಂಬಾಗಿಲು ತಟ್ಟಿದೆ. ಜಂದೀರಾ ಚರ್ಚಿಗೆ ಹೊರಡುವ ಉಡುಪಿನಲ್ಲಿದ್ದರು, ಲಿಪ್‌ಸ್ಟಿಕ್ ಆಗಲೇ ಹಚ್ಚಿಯಾಗಿತ್ತು. ಈ ಸಲ ನಾನೇ ಮೊದಲು ಕೆನ್ನೆ ಕೊಟ್ಟೆ. ಅವರು ನಿಂತಲ್ಲೇ ಓದಿದರು.

“ನನ್ನ ಮಾತು ಯಾಕೆ ಮೊದಲು?”

“ಮೊದಲು ಹೇಳಿದ್ದು ನೀವೇ ಅಲ್ವಾ.”

ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿದರು. ಆಮೇಲೆ ಕಾಗದವನ್ನು ನನ್ನತ್ತ ತಿರುಗಿಸಿ ಬೆರಳಿಟ್ಟರು.

“ತಾರೀಕು ಹಾಕಿಲ್ಲ, ಫಿಲ್ಯಾ.”

ಅವರ ಒಲೆಯ ಪಕ್ಕದ ಕಟ್ಟೆಯ ಮೇಲೆ ಕಾಗದವನ್ನಿಟ್ಟು ತಾರೀಕು ಹಾಕಿದೆ.